ಸೈಟೂ ಅಲ್ಲ, ಮನೆಯೂ ಅಲ್ಲ!

ಮೊನ್ನೆ ಇಲ್ಲಿ ಇಂಗ್ಲೆಂಡಿನಲ್ಲಿ ಗೆಳೆಯನೊಬ್ಬ ಫೋನ್ ಮಾಡಿ "ಮಗಾ, ಸಮುದ್ರದ ಪಕ್ಕ ಮನೆ ತಗೋತಿದೀನಿ ಕಣೋ" ಅಂದ. ವಿಚಾರಿಸಿದ್ರೆ ಮನೆಯಲ್ಲ, ಸ್ಟಾಟಿಕ್ ಕ್ಯಾರವಾನ್. ಮೂವತ್ತು ಸಾವಿರ ಪೌಂಡು, ಇಷ್ಟು ವರ್ಷದ ಉಳಿತಾಯ. "ಅಗ್ರಿಮೆಂಟ್ ಓದಿದ್ಯಾ?" ಅಂದ್ರೆ "ಸೇಲ್ಸ್‌ನವನು ಎಲ್ಲಾ ಹೇಳಿದಾನೆ ಬಿಡೋ" ಅಂದ. ಸಾಫ್ಟ್‌ವೇರಿನವರು ನಾವು, ಓದದೇ 'ಐ ಅಗ್ರೀ' ಒತ್ತಿ ಅಭ್ಯಾಸ!

ಸೈಟ್ ಅಂದ್ರೆ ನಮಗೆ ಮೂವತ್ತು-ನಲವತ್ತು, ನಮ್ಮದೇ ನೆಲ. ಇಲ್ಲಿನ ಸೈಟ್ ಹಾಗಲ್ಲ ಸ್ವಾಮಿ. ನೀವು ಕೊಳ್ಳೋದು ಡಬ್ಬ ಮಾತ್ರ, ನೆಲ ಪಾರ್ಕಿನವನದ್ದು. ಅದಕ್ಕೆ ಪ್ರತಿವರ್ಷ ಪಿಚ್ ಫೀ. ಲೈಸೆನ್ಸಿಗೆ ಇಂತಿಷ್ಟು ವರ್ಷ ಅಂತ ಗಡುವು. ಮುಗಿದ ಮೇಲೆ ಎತ್ತು ಅಂದ್ರೆ ಎತ್ತಬೇಕು. ಮಾರಿದ್ರೆ ಪಾರ್ಕಿಗೆ ಕಮಿಷನ್, ಸಾಮಾನ್ಯವಾಗಿ 15%, ಮೇಲೆ ವ್ಯಾಟ್. ಕಾಯಂ ವಾಸ ಮಾಡೋ ಹಾಗಿಲ್ಲ. 1983ರ ಮೊಬೈಲ್ ಹೋಮ್ಸ್ ಆಕ್ಟ್ ಕಾಯೋದು ಕಾಯಂ ವಾಸದ ಪಾರ್ಕುಗಳವರನ್ನ, ರಜೆಯ ಕ್ಯಾರವಾನಿನವರನ್ನಲ್ಲ. ಅಂದ್ರೆ ನಿಮ್ಮ ಹಕ್ಕು ಬಹುಪಾಲು ಆ ಅಗ್ರಿಮೆಂಟಿನಲ್ಲೇ ಇರೋದು.

"ಅನ್ಯಾಯದ ಷರತ್ತಿಗೆ 2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್ ಇದೆಯಲ್ಲ" ಅಂತೀರಾ? ಇದೆ. ಆದ್ರೆ ದುಡ್ಡು ಕೊಟ್ಟು ಆಮೇಲೆ ಅಲೆಯೋದಕ್ಕಿಂತ ಮೊದಲೇ ಓದೋದು ವಾಸಿ ಅಲ್ವಾ? ಲೈಸೆನ್ಸ್ ಎಷ್ಟು ವರ್ಷ? ಫೀ ಯಾವ ಲೆಕ್ಕದಲ್ಲಿ ಏರುತ್ತೆ? ಹೊರಗಿನವರಿಗೆ ಮಾರಿದ್ರೆ ಅವರಿಗೂ ಆ ಜಾಗ ಸಿಗುತ್ತಾ? ಉತ್ತರ ಬಾಯಿಮಾತಲ್ಲಿ ಬೇಡ, ಬರವಣಿಗೆಯಲ್ಲಿ ಬೇಕು.

ಊರಲ್ಲಿ ಸೈಟ್ ಕೊಳ್ಳುವಾಗ ಖಾತಾ, ಇಸಿ, ಮದರ್ ಡೀಡ್ ಅಂತ ವಕೀಲರ ಮೆಟ್ಟಿಲು ಸವೆಸೋ ನಾವು, ಇಲ್ಲಿ ಟೈ ಕಟ್ಟಿದವನು ನಕ್ಕ ಕೂಡಲೇ ಸಹಿ ಹಾಕೋದಾ?

ಗೆಳೆಯ ಇನ್ನೂ ಸಹಿ ಹಾಕಿಲ್ಲ. ನನ್ನ ಮೇಲೆ ಮುನಿಸಿಕೊಂಡಿದಾನೆ. ಇರಲಿ ಬಿಡಿ, ಮುನಿಸು ಇಳಿಯುತ್ತೆ; ಹೋದ ದುಡ್ಡು ವಾಪಸ್ ಬರುತ್ತಾ? ನೀವೇನಂತೀರಿ?