ಕೆಂಪು ಗೋಡೆಯ ಮುಂದಿನ ಅರಸರು

ಸಾಲ ಕೊಡುವವರು ಸಾಮಾನ್ಯವಾಗಿ ಎರಡು ಮಾತು ಕೇಳುತ್ತಾರೆ. ಬಡ್ಡಿ ಎಷ್ಟು ಕೊಡ್ತೀಯ? ವಾಪಸು ಯಾವಾಗ ಕೊಡ್ತೀಯ? ಸರ್ವಜ್ಞನ ಕಾಲದಿಂದಲೂ ಸಾಲವೆಂದರೆ ಕೊಂಡವನ ಎದೆಯ ಮೇಲಿನ ಕಲ್ಲು. ಆದರೆ ಟೋಕಿಯೋದ ತತ್ವಶಾಸ್ತ್ರದ ಮೇಷ್ಟ್ರೊಬ್ಬರು ತಮ್ಮ ಹಳೆಯ ವಿದ್ಯಾರ್ಥಿಗೆ ಕೊಟ್ಟ ಸಾಲ ಆ ಜಾತಿಯದಲ್ಲ. ಅವರು ಬಡ್ಡಿ ಕೇಳಲಿಲ್ಲ, ಗಡುವು ಹೇಳಲಿಲ್ಲ, ಆಮೇಲೆ ನೆನಪಿಸಲೂ ಇಲ್ಲ.

ಮೊತ್ತವೇನೂ ಸಣ್ಣದಲ್ಲ. ಆಗ ಜಪಾನಿನಲ್ಲಿ ಹೊಸದಾಗಿ ಪದವಿ ಪಡೆದು ಕೆಲಸಕ್ಕೆ ಸೇರಿದವನಿಗೆ ತಿಂಗಳಿಗೆ ಸುಮಾರು 40,000 ಯೆನ್ ಸಂಬಳ. ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾದ ಬೆಲೆ 6,00,000 ಯೆನ್. ಅದು 3,20,000ಕ್ಕೆ ಸಿಗುವ ಅವಕಾಶವೊಂದಿದೆ ಎಂಬ ಸುದ್ದಿ ಆ ಹುಡುಗನ ಕಿವಿಗೆ ಬಿತ್ತು. ಅರ್ಧ ಬೆಲೆಯೇನೋ ಸರಿ, ಆ ಅರ್ಧವೂ ಎಂಟು ತಿಂಗಳ ಸಂಬಳ! ಮೇಷ್ಟ್ರ ಬಳಿ ವಿಷಯ ಪ್ರಸ್ತಾಪಿಸಿದ. ಅವರು ಕೂಡಲೇ ಹಣ ಕೊಟ್ಟರು. ಹುಡುಗ ಆಗಿನ್ನೂ ಛಾಯಾಗ್ರಾಹಕನಲ್ಲ. ಲಾರಿ ಓಡಿಸುವುದು, ಹಡಗುಕಟ್ಟೆಯಲ್ಲಿ ದುಡಿಯುವುದು ಅವನ ಕಸುಬು.

ಮೇಷ್ಟ್ರ ಹೆಸರು ಸದಯೋಶಿ ಫುಕುದಾ. ಹುಡುಗನ ಹೆಸರು ಹಿರೋ ಕಿಕಾಯ್. ಆ ಒಂದು ಕ್ಯಾಮೆರಾ, ಅದರ 80 ಮಿಲಿಮೀಟರಿನ ಒಂದು ಲೆನ್ಸು. ಇಷ್ಟನ್ನೇ ಹಿಡಿದು ಆತ ಮುಂದೆ ದಶಕಗಟ್ಟಲೆ ಒಂದೇ ದೇವಸ್ಥಾನದ ಅಂಗಳದಲ್ಲಿ ನಿಂತು ದಾರಿಹೋಕರ ಭಾವಚಿತ್ರಗಳನ್ನು ತೆಗೆದ. ಜಪಾನಿನ ಛಾಯಾಗ್ರಹಣದಲ್ಲಿ ಅದಕ್ಕೆ ಸಾಟಿಯಾದ ಕೆಲಸ ಕಡಿಮೆ.

ಕಿಕಾಯ್ ಹುಟ್ಟಿದ್ದು 1945ರ ಮಾರ್ಚ್ 18ರಂದು, ಉತ್ತರ ಜಪಾನಿನ ಯಮಗಾತಾ ಪ್ರಾಂತ್ಯದ ದೈಗೋ ಎಂಬ ಹಳ್ಳಿಯಲ್ಲಿ. ಏಳು ಮಕ್ಕಳಲ್ಲಿ ಕಡೆಯವನು. ಅದಕ್ಕೆ ಎಂಟು ದಿನ ಮುಂಚೆ, ಮಾರ್ಚ್ 9ರ ರಾತ್ರಿಯಿಂದ 10ರ ಬೆಳಗಿನವರೆಗೆ, ಅಮೆರಿಕದ ವಿಮಾನಗಳು ಟೋಕಿಯೋದ ಮೇಲೆ ಬೆಂಕಿಬಾಂಬು ಸುರಿದಿದ್ದವು. ಅಸಕುಸಾ ಬಡಾವಣೆಯ ಸೆನ್ಸೋಜಿ ದೇವಾಲಯ ಆ ರಾತ್ರಿ ಸುಟ್ಟುಹೋಯಿತು. ಅದರ ಮುಖ್ಯ ಮಂದಿರ ಮತ್ತೆ ಎದ್ದುನಿಂತದ್ದು 1958ರಲ್ಲಿ. ಹಳ್ಳಿಯ ಹುಡುಗನಿಗೂ ಆ ದೇವಾಲಯಕ್ಕೂ ಆಗ ಯಾವ ನಂಟೂ ಇರಲಿಲ್ಲ.

ಗದ್ದೆ, ಹೊಳೆ, ಹಿಮದ ನಡುವೆ ಒಂಟಿಯಾಗಿ ಆಡಿಕೊಂಡು ಬೆಳೆದ ಕಿಕಾಯ್ 1963ರಲ್ಲಿ ಹೈಸ್ಕೂಲು ಮುಗಿಸಿದ. ಒಂದು ವರ್ಷ ಊರ ಕಡೆಯಲ್ಲೇ ಕೆಲಸ ಮಾಡಿ, ಆಮೇಲೆ ಟೋಕಿಯೋದ ಹೋಸೆ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರಕ್ಕೆ ಸೇರಿದ. ಫುಕುದಾ ಅವರು ಸಿಕ್ಕಿದ್ದು ಅಲ್ಲಿ. ಓದಿಗಿಂತ ಸಿನಿಮಾ ಹುಚ್ಚು ಹೆಚ್ಚು. ಪೋಲೆಂಡಿನ ಆಂದ್ರೇ ವಾಯ್ದಾ, ನಮ್ಮ ಸತ್ಯಜಿತ್ ರೇ ಇಬ್ಬರೂ ಅವನ ಆರಾಧ್ಯರು. ಸಿನಿಮಾ ಮಾಡುವ ಆಸೆಯೂ ಇತ್ತು. ಆದರೆ ಸಿನಿಮಾಕ್ಕೆ ಬರೆಯಬೇಕು, ಅದು ಅವನಿಗೆ ಒಗ್ಗದ ಕೆಲಸ. ದುಡ್ಡು ಬೇಕು, ಅದು ಅವನಲ್ಲಿರಲಿಲ್ಲ. ಹಾಗಾಗಿ 1968ರಲ್ಲಿ ಪದವಿ ಕೈಗೆ ಬಂದಾಗ ಲಾರಿ ಹತ್ತಿದ.

ತತ್ವಶಾಸ್ತ್ರ ಓದಿ ಲಾರಿ ಓಡಿಸುತ್ತೀಯಾ ಎಂದು ಮೇಷ್ಟ್ರು ಕೈಬಿಡಲಿಲ್ಲ. ಫುಕುದಾ ಅವರು ‘ಕ್ಯಾಮೆರಾ ಮೈನಿಚಿ’ ಎಂಬ ಮಾಸಪತ್ರಿಕೆಗೆ ಅಂಕಣ ಬರೆಯುತ್ತಿದ್ದರು. ಅದರ ಸಂಪಾದಕ ಶೋಜಿ ಯಮಗಿಶಿಗೆ ಶಿಷ್ಯನನ್ನು ಪರಿಚಯಿಸಿದರು. ಈ ಯಮಗಿಶಿ ಸಾಮಾನ್ಯ ಆಸಾಮಿಯಲ್ಲ. 1974ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಮ್ ಆಫ್ ಮಾಡರ್ನ್ ಆರ್ಟ್‌ನಲ್ಲಿ ಜಪಾನಿನ ಹೊಸ ಛಾಯಾಗ್ರಹಣವನ್ನು ಅಮೆರಿಕಕ್ಕೆ ತೋರಿಸಿದ ಪ್ರದರ್ಶನವನ್ನು ಜಾನ್ ಸರ್ಕೋವ್ಸ್ಕಿ ಜೊತೆ ಸೇರಿ ರೂಪಿಸಿದವನು. ಆತ ಈ ಲಾರಿ ಡ್ರೈವರನ ಮುಂದೆ ಅಮೆರಿಕದ ಡಿಯಾನ್ ಆರ್ಬಸ್ ತೆಗೆದ ಚಿತ್ರಗಳನ್ನು ಹರಡಿದ. ಬೀದಿಯಲ್ಲಿ, ಉದ್ಯಾನದಲ್ಲಿ, ಮನೆಗಳಲ್ಲಿ ಕ್ಯಾಮೆರಾವನ್ನು ನೇರ ದಿಟ್ಟಿಸಿ ನಿಂತ ಮನುಷ್ಯರು. ಒಂದು ಚೌಕದೊಳಗೆ ಒಂದು ಇಡೀ ಬದುಕು ಹಿಡಿಯಬಲ್ಲದು ಎಂಬುದು ಕಿಕಾಯ್‌ಗೆ ಅಂದು ಹೊಳೆಯಿತು.

ಕ್ಯಾಮೆರಾ ಬಂತು, ವಸ್ತು ಬೇಡವೇ? ಸಮುದ್ರದ ಮೇಲೆ ಒಳ್ಳೆಯ ಚಿತ್ರ ಸಿಕ್ಕೀತು ಎಂದುಕೊಂಡು ಮೀನುಗಾರಿಕೆಯ ಹಡಗುಗಳಲ್ಲಿ ಕೆಲಸ ಕೇಳಿದ. ಅನುಭವವಿಲ್ಲದವನನ್ನು ಯಾರು ಸೇರಿಸಿಕೊಳ್ಳುತ್ತಾರೆ? ಕಡೆಗೆ ಒಂದು ಹಡಗಿನವರಿಗೆ ತನ್ನ ಹೊಟ್ಟೆಯ ಮೇಲಿನ ಅಪೆಂಡಿಕ್ಸ್ ಆಪರೇಷನ್ನಿನ ಗಾಯದ ಗುರುತು ತೋರಿಸಿದ. ನಡುಗಡಲಲ್ಲಿ ಯಾರಿಗಾದರೂ ಅಪೆಂಡಿಕ್ಸ್ ಕೆರಳಿದರೆ ಹಡಗನ್ನು ಬಂದರಿಗೆ ತಿರುಗಿಸಬೇಕು, ಮಾಲೀಕನಿಗೆ ಭಾರಿ ನಷ್ಟ. ಇವನಲ್ಲಿ ಆ ಭಯವಿಲ್ಲವಲ್ಲ! ಕೆಲಸ ಸಿಕ್ಕಿತು. ತಮಾಷೆಯೆಂದರೆ, ಆ ಆಪರೇಷನ್ ಮೊದಲಿಗೆ ಬೇಕಾಗಿಯೇ ಇರಲಿಲ್ಲವಂತೆ. 1972ರ ಏಪ್ರಿಲ್ 6ರಿಂದ ನವೆಂಬರ್ 9ರವರೆಗೆ ಶಾಂತಸಾಗರದಲ್ಲಿ ಟ್ಯೂನಾ ಮೀನು ಹಿಡಿಯುತ್ತ ಏಳು ತಿಂಗಳು ಕಳೆದ. ಆ ಅವಧಿಯಲ್ಲಿ ತೆಗೆದ ಚಿತ್ರಗಳು 1973ರ ಮೇ ತಿಂಗಳ ‘ಕ್ಯಾಮೆರಾ ಮೈನಿಚಿ’ಯಲ್ಲಿ ಅಚ್ಚಾದವು. ಅವನ ಹೆಸರು ಕಂಡ ಮೊದಲ ಚಿತ್ರಗಳು ಅವೇ.

ಇಷ್ಟಾದ ಮೇಲೆ ಇನ್ನೊಬ್ಬನಾಗಿದ್ದರೆ ವಿಸಿಟಿಂಗ್ ಕಾರ್ಡು ಹೊಡೆಸುತ್ತಿದ್ದ. ಕಿಕಾಯ್ ಮಾತ್ರ ಡಾರ್ಕ್‌ರೂಮಿನ ಕೆಲಸ ಬಾರದೆ ಛಾಯಾಗ್ರಾಹಕನಾಗುವುದು ಹೇಗೆಂದು ಒಂದು ಸಂಸ್ಥೆಯ ಕತ್ತಲೆಕೋಣೆ ಸೇರಿ 1976ರವರೆಗೆ ಪ್ರಿಂಟು ಹಾಕುವುದನ್ನು ಕಲಿತ. ಅದು ಮುಗಿದ ಮೇಲೆ ಹೊಟ್ಟೆಪಾಡಿಗೆ ಮತ್ತೆ ಮೈಮುರಿಯುವ ದುಡಿಮೆ. ರಜೆಯ ದಿನಗಳಲ್ಲಿ ಕ್ಯಾಮೆರಾ ಹಿಡಿದು ತನ್ನ ಮನೆಗೆ ಹತ್ತಿರದ ಅಸಕುಸಾಕ್ಕೆ ಹೋಗುತ್ತಿದ್ದ.

ಅಸಕುಸಾ ಒಂದು ಕಾಲಕ್ಕೆ ಟೋಕಿಯೋದ ಮೋಜಿನ ಕೇಂದ್ರ. ಜಪಾನಿನ ಮೊದಲ ಕಾಯಂ ಚಿತ್ರಮಂದಿರ 1903ರಲ್ಲಿ ತೆರೆದದ್ದು ಅಲ್ಲೇ. ನಾಟಕ, ಸಂಗೀತ, ತಿಂಡಿ, ಜಾತ್ರೆ ಎಲ್ಲ ಅಲ್ಲೇ. ಯುದ್ಧದ ನಂತರ ನಗರದ ಹೊಳಪು ಪಶ್ಚಿಮದ ಶಿಂಜುಕು, ಶಿಬುಯಾ ಕಡೆಗೆ ಸರಿಯಿತು. ಅಸಕುಸಾದಲ್ಲಿ ಉಳಿದದ್ದು ದೇವಾಲಯ ಮತ್ತು ಅದನ್ನು ಬಿಟ್ಟು ಹೋಗಲಾರದವರು: ವಯಸ್ಸಾದವರು, ದಿನಗೂಲಿಯವರು, ಹಳೆಯ ಕಲಾವಿದರು, ಊರಿನಿಂದ ಬಂದು ದಿಕ್ಕುತೋಚದೆ ಕೂತವರು. ಮೊದಲಿನ ಗಿಜಿಗಿಜಿ ಇದ್ದಿದ್ದರೆ ತಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ ಎಂಬುದು ಕಿಕಾಯ್ ಅಭಿಪ್ರಾಯ.

1973ರಲ್ಲೇ ಅಲ್ಲಿ ಒಂದಷ್ಟು ಭಾವಚಿತ್ರಗಳನ್ನು ತೆಗೆದಿದ್ದ. ಆಮೇಲೆ ಆ ಕೆಲಸ ನಿಂತುಹೋಯಿತು. 1985ರಲ್ಲಿ ಅವನ ಕಣ್ಣು ದೇವಾಲಯದ ಕೆಂಪು ಗೋಡೆಯ ಮೇಲೆ ನೆಟ್ಟಿತು. ಹನ್ನೆರಡು ವರ್ಷ ಕಣ್ಣೆದುರಿಗೇ ಇದ್ದ ಗೋಡೆ! ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಆ ಕೆಂಪು ಬರೀ ಬೂದು ಬಣ್ಣವಾಗುತ್ತದೆ. ಬೋರ್ಡಿಲ್ಲ, ಅಂಗಡಿಯಿಲ್ಲ, ಹಿಂದೆ ಹಾದುಹೋಗುವ ಜನರಿಲ್ಲ. ನಿಂತವನು ಯಾವ ಬೀದಿಯವನು, ಎಂಥ ಮನೆಯವನು ಎಂದು ಚಾಡಿ ಹೇಳುವ ಒಂದು ವಸ್ತುವೂ ಇಲ್ಲ. ಉಳಿಯುವುದು ಮನುಷ್ಯ, ಅವನ ಬಟ್ಟೆ, ಕೈ, ಮುಖ, ಅವುಗಳ ಮೇಲೆ ಕಾಲ ಎಳೆದ ಗೆರೆ.

ಅಲ್ಲಿಂದ ಮುಂದೆ ಅವನ ಕ್ರಮ ಬದಲಾಗಲಿಲ್ಲ. ದೇವಾಲಯದ ಅಂಗಳದಲ್ಲಿ ನಾಲ್ಕೈದು ಗಂಟೆ ನಿಲ್ಲುವುದು. ಬರುವ ಹೋಗುವ ಸಾವಿರಾರು ಜನರಲ್ಲಿ ಯಾರೋ ಒಬ್ಬರು ಮನಸ್ಸನ್ನು ಹಿಡಿದು ನಿಲ್ಲಿಸಿದರೆ ಹತ್ತಿರ ಹೋಗಿ ಕೇಳುವುದು. ಒಪ್ಪಿದರೆ ಗೋಡೆಯ ಮುಂದೆ ಮೊಣಕಾಲಿನಿಂದ ಮೇಲಕ್ಕೆ, ನೇರವಾಗಿ, ಕ್ಯಾಮೆರಾವನ್ನು ನೋಡುತ್ತಿರುವಂತೆ ಒಂದು ಚಿತ್ರ. ಕೆಲವು ದಿನ ಮೂವರು ಸಿಕ್ಕಿಯಾರು. ಕೆಲವೊಮ್ಮೆ ಮೂರು ನಾಲ್ಕು ದಿನ ಒಂದೂ ಚಿತ್ರವಿಲ್ಲದೆ ಬರಿಗೈಲಿ ಮನೆಗೆ. ಹೀಗೆ ಕಾದು ತೆಗೆದವರ ಸಂಖ್ಯೆ ಆರುನೂರನ್ನು ದಾಟಿತು. ಹ್ಯಾಸೆಲ್‌ಬ್ಲಾಡಿನ ಒಂದು ರೀಲಿನಲ್ಲಿ ಹನ್ನೆರಡೇ ಚಿತ್ರ. ಪ್ರತಿ ಸಲವೂ ಕೈಯಿಂದ ತಿರುಗಿಸಬೇಕು. ಹೊಡೆದಷ್ಟು ಹೊಡೆದು ಆಮೇಲೆ ಆರಿಸೋಣ ಎಂಬ ಸೌಕರ್ಯ ಅದರಲ್ಲಿಲ್ಲ.

1987ರಲ್ಲಿ ಈ ಭಾವಚಿತ್ರಗಳ ಮೊದಲ ಪುಸ್ತಕ ಬಂತು. ಅದಕ್ಕೆ ಕಿಕಾಯ್ ಇಟ್ಟ ಜಪಾನಿ ಹೆಸರಿನ ಅರ್ಥ ‘ಅರಸರ ಭಾವಚಿತ್ರಗಳು’. ಒಳಗೆ ಒಬ್ಬ ಅರಸನೂ ಇಲ್ಲ. ಇರುವವರೆಲ್ಲ ಪತ್ರಿಕೆಯಲ್ಲಿ ಎಂದೂ ಮುಖ ಬಾರದ ಜನ. ಇದು ವ್ಯಂಗ್ಯವಲ್ಲ, ಕರುಣೆಯೂ ಅಲ್ಲ. ಬಡವರ ಚಿತ್ರ ತೆಗೆಯುವವರಲ್ಲಿ ಒಂದು ಚಾಳಿಯಿದೆ: ಅವರ ಹರುಕು ಬಟ್ಟೆ ಮುಂದೆ ಬರುತ್ತದೆ, ಅವರು ಹಿಂದೆ ಸರಿಯುತ್ತಾರೆ. ನೋಡಿದವರು ಅಯ್ಯೋ ಎನ್ನುತ್ತಾರೆ, ಪುಟ ತಿರುಗಿಸುತ್ತಾರೆ. ಕಿಕಾಯ್ ಚಿತ್ರದಲ್ಲಿ ನಿಂತವರು ನೋಡುವವನನ್ನೇ ಅಳೆಯುತ್ತಾರೆ. ಅನುಮತಿ ಕೇಳಿ ತೆಗೆದ ಚಿತ್ರಕ್ಕೂ ಕದ್ದು ತೆಗೆದ ಚಿತ್ರಕ್ಕೂ ಇರುವ ವ್ಯತ್ಯಾಸ ಇದು. ಕೇಳಿದಾಗ ಎದುರಿನವನಿಗೆ ಇಲ್ಲವೆನ್ನುವ ಹಕ್ಕು ಬರುತ್ತದೆ. ಇಲ್ಲವೆನ್ನಬಹುದಾದವನು ಹೂಂ ಎಂದು ಬಂದು ನಿಂತಾಗ ಆ ನಿಲುವಿಗೆ ಒಂದು ಗತ್ತು ತಾನಾಗಿ ಬರುತ್ತದೆ.

ಮುಂದಿನ ಪುಸ್ತಕಗಳಲ್ಲಿ ಚಿತ್ರದ ಕೆಳಗೆ ಒಂದೊಂದು ಸಾಲು ಸೇರಿತು. ಆ ಸಾಲಿನಲ್ಲಿ ಹೆಸರಿರುವುದಿಲ್ಲ. ಅವರ ಕಸುಬೋ, ಮಾತಿನ ನಡುವೆ ಜಾರಿಬಿದ್ದ ಒಂದು ಸಂಗತಿಯೋ, ಕಿಕಾಯ್ ಕಣ್ಣಿಗೆ ಕಂಡ ಒಂದು ಸಣ್ಣ ವಿವರವೋ ಅಷ್ಟೇ. 2003ರ ‘ಪರ್ಸೋನಾ’ ಎಂಬ ದೊಡ್ಡ ಗಾತ್ರದ ಪುಸ್ತಕದಲ್ಲಿ ಕೆಲವರು ಎರಡೆರಡು ಸಲ ಬರುತ್ತಾರೆ. ಗೋಡೆ ಅದೇ, ಕ್ಯಾಮೆರಾ ಅದೇ, ಮನುಷ್ಯನೂ ಅವನೇ. ನಡುವೆ ವರ್ಷಗಳು ಹೋಗಿವೆ. ಆ ವರ್ಷಗಳಲ್ಲಿ ಏನಾಯಿತೆಂದು ಯಾರೂ ಹೇಳುವುದಿಲ್ಲ. ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು ಓದುಗನೇ ಲೆಕ್ಕ ಹಾಕಬೇಕು.

ಕಿಕಾಯ್ ಕ್ಯಾಮೆರಾ ಹಿಡಿದ ದಿನಗಳಲ್ಲಿ ಜಪಾನಿನಲ್ಲಿ ನಡೆಯುತ್ತಿದ್ದ ಫ್ಯಾಶನ್ನೇ ಬೇರೆ. 1968ರಲ್ಲಿ ಹುಟ್ಟಿದ ‘ಪ್ರೊವೋಕ್’ ಪತ್ರಿಕೆಯ ಬಳಗ, ದೈದೋ ಮೊರಿಯಾಮ ಮುಂತಾದವರು, ಅಲುಗಾಡಿದ, ಮಬ್ಬಾದ, ಒರಟು ಕಣಗಳ ಚಿತ್ರಗಳಿಂದ ಹೆಸರು ಮಾಡಿದ್ದರು. ಅವರದು ಓಡುತ್ತ ಹೊಡೆಯುವ ಕ್ಯಾಮೆರಾ, ಇವನದು ನಿಂತು ಕಾಯುವ ಕ್ಯಾಮೆರಾ. ಗುಂಪು ಕಟ್ಟುವುದು ಅಲ್ಲಿನ ಛಾಯಾಗ್ರಾಹಕರ ರೂಢಿ. ಕಿಕಾಯ್ ಕೊನೆಯವರೆಗೂ ಯಾವ ಗುಂಪಿಗೂ ಸೇರಲಿಲ್ಲ. ಒಂದು ಕಲಾ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಪಾಠ ಮಾಡಿದ. ಹಿಡಿದ ಕೆಲಸದಲ್ಲಿ ವಿದ್ಯಾರ್ಥಿಗಳು ನಿಲ್ಲುವುದಿಲ್ಲವೆಂದು ಬೇಸತ್ತು ಬಿಟ್ಟ. ಚಿತ್ರ ತೆಗೆಯಲೆಂದೇ ಹೊರಟಾಗ ಮಾತ್ರ ಕ್ಯಾಮೆರಾ. ಸಂಸಾರ ಸಮೇತ ಹೊರಟಾಗ ಅದು ಹೆಂಡತಿಯ ಕೈಯಲ್ಲಿ.

ಅವನ ಬಳಗ ಇದ್ದದ್ದು ಬೇರೆ ಬಗೆಯಲ್ಲಿ. ಹಣ ಕೊಟ್ಟ ಮೇಷ್ಟ್ರು, ಆರ್ಬಸ್ ತೋರಿಸಿದ ಸಂಪಾದಕ. ವಿದ್ಯಾರ್ಥಿಯಾಗಿದ್ದಾಗ ಪರದೆಯ ಮೇಲೆ ಕಂಡ ವಾಯ್ದಾ ಮುಂದೆ ಇವನ ಪುಸ್ತಕಗಳಿಗೆ ತಾನೇ ಲೇಖನ ಬರೆದುಕೊಟ್ಟ. ಇನ್ನುಳಿದ ಬಳಗವೆಂದರೆ ಗೋಡೆಯ ಮುಂದೆ ಬಂದು ನಿಂತ ಆರುನೂರು ಚಿಲ್ಲರೆ ಅಪರಿಚಿತರು.

ಭಾರತಕ್ಕೂ ಆತ ಮತ್ತೆ ಮತ್ತೆ ಬಂದ. 1982ರಿಂದ 1990ರ ನಡುವೆ ಹಲವು ಸಲ ಬಂದು, ಒಟ್ಟು ಒಂದು ವರ್ಷಕ್ಕೂ ಹೆಚ್ಚು ಕಾಲ ಅಲೆದು ತೆಗೆದ ಚಿತ್ರಗಳು 1992ರಲ್ಲಿ ‘ಇಂಡಿಯಾ’ ಎಂಬ ಪುಸ್ತಕವಾದವು. 2000ದಲ್ಲಿ ಅಲಹಾಬಾದ್, ಕಾಶಿ, ಕಲ್ಕತ್ತ, ಪುರಿ, ದೆಹಲಿಗಳಲ್ಲಿ ಮಕ್ಕಳ ಚಿತ್ರ ತೆಗೆದು ಮರುವರ್ಷ ಇನ್ನೊಂದು ಪುಸ್ತಕ ಮಾಡಿದ. ಅದರ ಹೆಸರು ‘ಶಾಂತಿ’. ಇಲ್ಲಿಗೆ ಬಂದರೆ ತನ್ನ ಬಾಲ್ಯದ ಯಮಗಾತಾಕ್ಕೆ ಮರಳಿದಂತೆ ಅನ್ನಿಸುತ್ತದೆಂದು ಹೇಳಿಕೊಂಡಿದ್ದಾನೆ. ದನ, ಮಣ್ಣು, ಬೀದಿಯಲ್ಲೇ ಆಡುವ ಮಕ್ಕಳು, ಆತುರವಿಲ್ಲದ ಸಂಜೆ: ಟೋಕಿಯೋ ಕಳೆದುಕೊಂಡದ್ದು ಅವನಿಗೆ ಇಲ್ಲಿ ಸಿಕ್ಕಿರಬೇಕು.

ಮನ್ನಣೆ ನಿಧಾನವಾಗಿ ಬಂತು. 2004ರಲ್ಲಿ ‘ಪರ್ಸೋನಾ’ಕ್ಕೆ ಡೊಮೊನ್ ಕೆನ್ ಪ್ರಶಸ್ತಿ ಸಿಕ್ಕಿತು. ಆ ಪ್ರಶಸ್ತಿಗೆ ಹೆಸರು ಕೊಟ್ಟ ಹಿರಿಯ ಛಾಯಾಗ್ರಾಹಕ ಡೊಮೊನ್ ಕೆನ್ ಕೂಡ ಯಮಗಾತಾ ಪ್ರಾಂತ್ಯದವನೇ. 2008ರಲ್ಲಿ ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಸೆಂಟರ್ ಆಫ್ ಫೋಟೋಗ್ರಫಿಯ ಸಂಪಾದಕತ್ವದಲ್ಲಿ ಅಸಕುಸಾದ ಮುಖಗಳು ಪುಸ್ತಕವಾಗಿ ಹೊರದೇಶದವರ ಕೈಸೇರಿದವು. ಅಷ್ಟರಲ್ಲಿ ಅವನ ದಾರಿ ತೆರೆದವರು ಉಳಿದಿರಲಿಲ್ಲ. ಯಮಗಿಶಿ 1979ರಲ್ಲೇ ತೀರಿಕೊಂಡಿದ್ದ. ‘ಕ್ಯಾಮೆರಾ ಮೈನಿಚಿ’ 1985ರಲ್ಲಿ ನಿಂತಿತ್ತು. ಫುಕುದಾ ಮೇಷ್ಟ್ರು 2002ರಲ್ಲಿ, ‘ಪರ್ಸೋನಾ’ ಹೊರಬರುವ ಮುಂಚಿನ ವರ್ಷ, ಕಣ್ಮುಚ್ಚಿದರು.

ಕ್ಯಾಮೆರಾದ ಸಾಲವನ್ನು ಕಿಕಾಯ್ ತೀರಿಸಿದ್ದ. ಆದರೆ ಹಣದ ಜೊತೆ ಮೇಷ್ಟ್ರು ಇನ್ನೊಂದನ್ನೂ ಕೊಟ್ಟಿದ್ದರು: ಯಾವಾಗ ಏನಾಗುತ್ತೀಯ ಎಂದು ಕೇಳದೆ ಕಾಯುವ ತಾಳ್ಮೆ. ಅದನ್ನು ಅವರಿಗೇ ಹಿಂತಿರುಗಿಸುವುದು ಸಾಧ್ಯವಿರಲಿಲ್ಲ. ದೇವಾಲಯದ ಅಂಗಳದಲ್ಲಿ ಆತ ಗಂಟೆಗಟ್ಟಲೆ ನಿಂತು, ಯಾರೂ ಕಾಯದ ಜನರಿಗಾಗಿ ಕಾದ.

ಆ ದೇವಾಲಯದ ದೇವತೆ ಕನ್ನೋನ್. ನಮ್ಮ ಅವಲೋಕಿತೇಶ್ವರನೇ ಚೀನಾ ದಾಟಿ ಜಪಾನು ಮುಟ್ಟಿದಾಗ ಪಡೆದ ಹೆಸರು ಅದು. ಲೋಕದ ಜನರತ್ತ ಕರುಣೆಯಿಂದ ನೋಡುವ ಬೋಧಿಸತ್ವ. ಒಳಗೆ ಕನ್ನೋನ್, ಹೊರಗೆ ಕ್ಯಾಮೆರಾ ಹಿಡಿದ ಕಿಕಾಯ್. 2019ರಲ್ಲಿ ‘ಪರ್ಸೋನಾ’ದ ಕೊನೆಯ ಅಧ್ಯಾಯವೆಂದು ಆತ ತಾನೇ ಕರೆದ ಪುಸ್ತಕ ಬಂತು, 2018ರವರೆಗಿನ ಮುಖಗಳು ಅದರಲ್ಲಿವೆ. ಮರುವರ್ಷ, 2020ರ ಅಕ್ಟೋಬರ್ 19ರಂದು, ಲಿಂಫೋಮಾ ಎಂಬ ರಕ್ತದ ಕ್ಯಾನ್ಸರಿನಿಂದ ಕಿಕಾಯ್ ತೀರಿಕೊಂಡ. ಆಗ ಅವನಿಗೆ 75 ವರ್ಷ. ಪುಸ್ತಕಗಳಲ್ಲಿ ಅವನ ಅರಸರು ಇನ್ನೂ ನಿಂತಿದ್ದಾರೆ, ತಮ್ಮನ್ನು ನೋಡಲು ಬಂದವರು ಯಾರೆಂದು ದಿಟ್ಟಿಸುತ್ತ.