ನಿಂತೇ ದಣಿಯುವ ನಮ್ಮ ಮಕ್ಕಳು

ಭಾನುವಾರದ ಬಲಿಪೂಜೆಗೆ ಬಾರದ ಯುವಜನರನ್ನು ಪ್ರಬೋಧನೆಯಲ್ಲಿ ಗದರಿಸುವುದು ನಮ್ಮಂಥ ಗುರುಗಳಿಗೆ ಬಹುಕಾಲದ ರೂಢಿ. ಭಕ್ತಿ ಕುಂದಿದೆ, ಲೋಕದ ಮೋಹ ಹೆಚ್ಚಿದೆ ಎಂದು ತೀರ್ಪು ಕೊಡುವುದು ಸುಲಭ. ಕಳೆದ ಕ್ರಿಸ್‌ಮಸ್ ಸಮಯದಲ್ಲಿ ಬಲಿಪೀಠದ ಬಿಳಿಯ ವಸ್ತ್ರ ಕೊಳ್ಳಲೆಂದು ನಾವು ಈ ಭಾಗದ ದೊಡ್ಡದೊಂದು ಬಟ್ಟೆ ಮಳಿಗೆಗೆ ಹೋಗಿದ್ದೆವು. ಅಲ್ಲಿ ಸೀರೆ ಬಿಡಿಸಿ ತೋರಿಸುತ್ತಿದ್ದವಳು, ಹಲವು ವಾರಗಳಿಂದ ದೇವಾಲಯದಲ್ಲಿ ಕಾಣದಿದ್ದ ನಮ್ಮ ಧರ್ಮಕೇಂದ್ರದ ಮಗಳೇ. ಆಗ ರಾತ್ರಿ 8 ಗಂಟೆ. "ತುಸು ಕುಳಿತುಕೋ ತಾಯಿ, ಮಾತಾಡೋಣ" ಎಂದೆವು. "ಇಲ್ಲಿ ಕೂಡಂಗಿಲ್ರಿ ಫಾದರ್. ಮುಂಜಾನಿಂದ ನಿಂತೇ ಇರಬೇಕು. ಐತವಾರ ಸೂಟಿ ಕೇಳಿದ್ರ ಕೆಲಸಾನ ಹೋಗತೈತ್ರಿ" ಎಂದು ಆಕೆ ಮೆಲ್ಲನೆ ನುಡಿದಳು. ಅವಳ ಪಾದಗಳು ಬಾತಿದ್ದವು. ನಮ್ಮ ಗದರಿಕೆಯ ಮಾತುಗಳು ನಮ್ಮನ್ನೇ ಚುಚ್ಚಿದವು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಅನೇಕ ಮಕ್ಕಳು ಇಂದು ಹೊಲ ಬಿಟ್ಟು ಇಂಥ ಮಳಿಗೆಗಳನ್ನು ಸೇರುತ್ತಿದ್ದಾರೆ. ಕೆಲವರು ಬಸ್ಸು ಹಿಡಿದು ಗಡಿಯಾಚೆಯ ಮೀರಜ, ಸಾಂಗಲಿ, ಕೊಲ್ಲಾಪುರಗಳಿಗೂ ಹೋಗುತ್ತಾರೆ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿದ ಹೆಣ್ಣುಮಕ್ಕಳು ಸಂಘ ಕಟ್ಟಿ ಹೋರಾಡಿದ್ದನ್ನು ಯುಗಾಂತರ್ ಎಂಬ ಮಹಿಳಾ ತಂಡವು 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಅಂದು ಅವರು ಧೂಳಿನಲ್ಲಿ ಕೆಮ್ಮುತ್ತ ದುಡಿದರು. ಅವರ ಮೊಮ್ಮಕ್ಕಳ ಪ್ರಾಯದವರು ಇಂದು ಝಗಝಗಿಸುವ ದೀಪಗಳ ಕೆಳಗೆ ನಗುಮುಖ ಹೊತ್ತು ದುಡಿಯುತ್ತಾರೆ. ಧೂಳಾದರೂ ಕಣ್ಣಿಗೆ ಕಾಣುತ್ತಿತ್ತು. ಈ ದಣಿವು ಗಿರಾಕಿಗಳಾದ ನಮಗೆ ಕಾಣುವುದೇ ಇಲ್ಲ.

ನೌಕರರು ಕುಳಿತಿದ್ದರೆ ಗಿರಾಕಿಗೆ ಅಗೌರವವಾಗುತ್ತದೆ, ಕೆಲಸದಲ್ಲಿ ಆಲಸ್ಯ ಬೆಳೆಯುತ್ತದೆ ಎಂಬುದು ಮಾಲೀಕರ ವಾದ. ವ್ಯಾಪಾರದ ಪೈಪೋಟಿ ಕಠಿಣವೆಂಬುದನ್ನು ನಾವೂ ಬಲ್ಲೆವು. ಆದರೆ ಗಿರಾಕಿಯಿಲ್ಲದ ಹೊತ್ತಿನಲ್ಲೂ ನಿಂತೇ ಇರಬೇಕೆಂಬ ನಿಯಮದಿಂದ ಯಾವ ವ್ಯಾಪಾರ ಬೆಳೆದೀತು? ಗುಲಾಮನೆಂದರೆ ಜೀವವುಳ್ಳ ಸಾಧನವೆಂದು ಅರಿಸ್ಟಾಟಲನು ಬಗೆದಿದ್ದನು. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಲಾಗದು, ಅವನು ಸ್ವತಃ ಗುರಿಯೆಂದು ಇಮ್ಯಾನ್ಯುಯೆಲ್ ಕಾಂಟನು 1785ರಲ್ಲಿ ಪ್ರತಿಪಾದಿಸಿದನು. ದುಡಿಮೆ ಇರುವುದು ಮನುಷ್ಯನಿಗಾಗಿಯೇ ಹೊರತು ಮನುಷ್ಯನಿರುವುದು ದುಡಿಮೆಗಾಗಿ ಅಲ್ಲವೆಂದು ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಒಂದು ಸ್ಟೂಲಿನ ಪ್ರಶ್ನೆ ಚಿಕ್ಕದಾಗಿ ಕಂಡೀತು. ಆದರೆ ಎದುರಿಗಿರುವುದು ವ್ಯಕ್ತಿಯೋ ಸಾಧನವೋ ಎಂಬ ಹಿರಿಯ ಪ್ರಶ್ನೆಗೆ ಮಳಿಗೆಯಲ್ಲಿ ಉತ್ತರ ದೊರೆಯುವುದು ಆ ಸ್ಟೂಲಿನಿಂದಲೇ.

ಇದು ಕೇವಲ ಉಪದೇಶದ ಮಾತಲ್ಲ. ನಿಂತು ದುಡಿಯುವವರಿಗೆ ಆಸನದ ಏರ್ಪಾಡು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು. ಅಂಗಡಿಯ ನೌಕರರಿಗೆ ಆ ಹಕ್ಕು ದೊರೆಯಲು ದಶಕಗಳೇ ಬೇಕಾದವು. ಕೋಳಿಕ್ಕೋಡಿನ ಮಿಠಾಯಿ ಬೀದಿಯಲ್ಲಿ ಸಂಘಟಿತರಾದ ಹೆಣ್ಣುಮಕ್ಕಳ ಹೋರಾಟದ ಫಲವಾಗಿ 2018ರಲ್ಲಿ ಕೇರಳವೂ, ಬಳಿಕ 2021ರಲ್ಲಿ ತಮಿಳುನಾಡೂ ಅಂಗಡಿಗಳ ಕಾಯ್ದೆಯನ್ನು ತಿದ್ದಿ ಕುಳಿತುಕೊಳ್ಳುವ ಹಕ್ಕನ್ನು ನೀಡಿದವು. ನಮ್ಮ ರಾಜ್ಯದ 1961ರ ಅಂಗಡಿಗಳ ಕಾಯ್ದೆಯು ವಾರಕ್ಕೊಂದು ರಜೆಯನ್ನು ನೌಕರರಿಗೆ ಖಚಿತಪಡಿಸಿದೆ. ಆದರೆ ಕೆಲಸ ಕಳೆದುಕೊಳ್ಳುವ ಭಯದಲ್ಲಿರುವ ಹುಡುಗಿ ಕಾಯ್ದೆಯ ಪುಸ್ತಕ ಹಿಡಿದು ಮಾಲೀಕನೆದುರು ನಿಲ್ಲಬಲ್ಲಳೆ? ಅವಳ ಪರವಾಗಿ ಬೇರೆಯವರು ಮಾತನಾಡಬೇಕಾಗಿದೆ.

ಆ ಬೇರೆಯವರು ನಾವೇ ಏಕಾಗಬಾರದು? ನಮ್ಮವರಲ್ಲಿ ಅಂಗಡಿಯಿಟ್ಟವರು ಮೊದಲು ತಮ್ಮಲ್ಲೇ ನಾಲ್ಕು ಸ್ಟೂಲು ಇರಿಸಲಿ. ಗಿರಾಕಿಗಳಾದ ನಾವು, ಕೊಳ್ಳುವ ಮನಸ್ಸಿಲ್ಲದೆ ಹತ್ತಾರು ಸೀರೆ ಬಿಡಿಸಿ ಎದ್ದು ಬರುವ ಚಾಳಿಯನ್ನು ಬಿಡೋಣ. "ನೀವು ಕುಳಿತೇ ತೋರಿಸಿರಿ" ಎಂದು ಮಾಲೀಕರಿಗೆ ಕೇಳುವಂತೆ ಹೇಳೋಣ. ಗುರುಗಳಾದ ನಮ್ಮ ಪಾಲಿನ ಕೆಲಸವೂ ಇದೆ. ಶನಿವಾರದ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಸಲ್ಲುತ್ತದೆಂದು 1983ರ ಧರ್ಮಸಭೆಯ ಕಾನೂನುಸಂಹಿತೆ ಹೇಳುತ್ತದೆ. ಆದರೆ ಆ ಸಂಜೆಯೂ ಅಂಗಡಿಯ ಪಾಲಾದವರಿಗಾಗಿ ಭಾನುವಾರ ನಸುಕಿನ 6 ಗಂಟೆಗೆ ಬಲಿಪೂಜೆ ಅರ್ಪಿಸಲು ನಾವು ತೊಡಗಿದ್ದೇವೆ. ಬರುವವರು ಏಳೆಂಟು ಮಂದಿ. ಆ ಹುಡುಗಿಯೂ ಅವರಲ್ಲೊಬ್ಬಳು.

ಪಯಣದಿಂದ ದಣಿದ ಪ್ರಭು ಯೇಸು ಯಕೋಬನ ಬಾವಿಯ ಬಳಿ ಕುಳಿತರೆಂದು ಸಂತ ಯೊವಾನ್ನರು ತಮ್ಮ ಶುಭಸಂದೇಶದಲ್ಲಿ ಬರೆದಿದ್ದಾರೆ. ದೇವಪುತ್ರನಿಗೇ ದಣಿವಾರಿಸಿಕೊಳ್ಳಲು ಒಂದೆಡೆ ಬೇಕಾಯಿತು. ನಮ್ಮ ಮಕ್ಕಳಿಗೆ ಅದನ್ನು ನಿರಾಕರಿಸಲು ನಾವಾರು?