ಎರಡು ಗಿಟಾರುಗಳು, ಒಂದು ತೀರ್ಮಾನ

ಸಿದ್ದಾಪುರದ ನಮ್ಮ ಮನೆಯ ಹಜಾರದಲ್ಲಿ ಎರಡು ಎಲೆಕ್ಟ್ರಿಕ್ ಗಿಟಾರುಗಳಿವೆ. ಗಣಿತದ ಮೇಷ್ಟ್ರ ಮನೆಯಲ್ಲಿ ಇವಕ್ಕೇನು ಕೆಲಸವೆಂದು ಹಳೆಯ ವಿದ್ಯಾರ್ಥಿಗಳು ನಗುವುದುಂಟು. ನಿವೃತ್ತಿಯ ನಂತರ ಕೈಗೆತ್ತಿಕೊಂಡ ವಿದ್ಯೆ ಇದು. ಇಂದಿಗೂ ನಾನು ಹವ್ಯಾಸಿಯೇ. ಕಳೆದ ತಿಂಗಳು ತಂಗಿ ದೂರವಾಣಿ ಮಾಡಿ, "ಅಣ್ಣ, ಮೊಮ್ಮಗಳು ಗಿಟಾರ್ ಕಲೀಬೇಕು ಅಂತಿದ್ದಾಳೆ. ನಿನ್ನ ಹತ್ರ ಎರಡಿವೆಯಲ್ಲ, ಒಂದು ಕೊಡ್ತೀಯಾ?" ಎಂದಳು. ಕೊಡುತ್ತೇನೆಂದು ಕೂಡಲೇ ಒಪ್ಪಿಕೊಂಡೆ. ಯಾವುದನ್ನು ಎಂಬ ಪ್ರಶ್ನೆ ಮಾತ್ರ ಅಷ್ಟು ಸುಲಭದ್ದಾಗಿರಲಿಲ್ಲ.

ಎಲೆಕ್ಟ್ರಿಕ್ ಎಂದೊಡನೆ ಗದ್ದಲವೆಂದು ಭಾವಿಸುವವರಿಗೆ ಒಂದು ಮಾತು. ಗೋಡೆಗೆ ಗೋಡೆ ತಾಗಿದ ನಮ್ಮ ಬೀದಿಗೆ ಇದೇ ಸಭ್ಯ ವಾದ್ಯ. ಸಾಧಾರಣ ಗಿಟಾರಿನ ಟೊಳ್ಳು ಒಡಲು ನಾದವನ್ನು ನಾಲ್ಕು ಮನೆಗೆ ಹಂಚುತ್ತದೆ. ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರನ್ನು ವಿದ್ಯುತ್ತಿಗೆ ಜೋಡಿಸದೆ ನುಡಿಸಿದರೆ ಪಕ್ಕದ ಕೋಣೆಗೂ ಸರಿಯಾಗಿ ಕೇಳಿಸದು.

ನನ್ನಲ್ಲಿರುವುದು ಸ್ಕ್ವಾಯರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಮತ್ತು ಎಪಿಫೋನಿನ ಲೆಸ್ ಪಾಲ್. ಇವು ಕ್ರಮವಾಗಿ ಫೆಂಡರ್ ಮತ್ತು ಗಿಬ್ಸನ್ ಸಂಸ್ಥೆಗಳ ಅಗ್ಗದ ಶಾಖೆಗಳು. ಮೇಷ್ಟ್ರ ಪಿಂಚಣಿಗೆ ಎಟುಕುವಂಥವು. ಲೆಸ್ ಪಾಲ್ ಮಾದರಿ ಹೊರಬಂದದ್ದು 1952ರಲ್ಲಿ, ಸ್ಟ್ರಾಟೊಕಾಸ್ಟರ್ 1954ರಲ್ಲಿ. ಸ್ಟ್ರಾಟೊಕಾಸ್ಟರಿಗೆ ಜನ್ಮ ಕೊಟ್ಟ ಲಿಯೊ ಫೆಂಡರ್ ರೇಡಿಯೊ ರಿಪೇರಿಯಿಂದ ಬಂದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಕೈಬೆರಳು ತಿರುಗದ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆಯಿಲ್ಲ.

ಉತ್ತರ ಪತ್ರಿಕೆಗಳನ್ನು ತಿದ್ದಿದ ಅಭ್ಯಾಸದಿಂದ ಎರಡಕ್ಕೂ ಅಂಕ ಹಾಕತೊಡಗಿದೆ.

ಮೊದಲನೆಯದು ಗೊಣಗು. ಸ್ಟ್ರಾಟೊಕಾಸ್ಟರಿನಲ್ಲಿ ಒಂದೊಂದೇ ತಂತಿಸುರುಳಿಯ ಮೂರು ಪಿಕಪ್‌ಗಳಿವೆ. ಇವು ತಂತಿಯ ಕಂಪನದ ಜೊತೆಗೆ ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತವೆ. ಲೆಸ್ ಪಾಲಿನ ಹಂಬಕರ್ ಪಿಕಪ್‌ನಲ್ಲಿ ಎರಡು ಸುರುಳಿಗಳಿದ್ದು, ಅವುಗಳ ಸುತ್ತೂ ಅಯಸ್ಕಾಂತದ ಧ್ರುವವೂ ಪರಸ್ಪರ ವಿರುದ್ಧವಾಗಿವೆ. ಹೊರಗಿನ ಗೊಣಗು ಕಳೆದುಹೋಗಿ, ತಂತಿಯ ನಾದ ಕೂಡಿಕೊಳ್ಳುತ್ತದೆ. ಸಂಕಲನ ವ್ಯವಕಲನಗಳನ್ನು ಒಟ್ಟಿಗೆ ಮಾಡಿ ತೋರಿಸುವ ಈ ಉಪಾಯಕ್ಕೆ ನನ್ನ ಪೂರ್ಣ ಅಂಕ.

ಎರಡನೆಯದು ತಂತಿಯ ಬಿಗಿ. ಸ್ಟ್ರಾಟೊಕಾಸ್ಟರಿನ ತಂತಿ 648 ಮಿಲಿಮೀಟರ್ ಉದ್ದಕ್ಕೆ ಕಂಪಿಸಿದರೆ ಲೆಸ್ ಪಾಲಿನದು ಸುಮಾರು 628. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ಏರಿಸಿದಾಗ ಬಿಗಿಯು ಉದ್ದದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಲೆಸ್ ಪಾಲಿನಲ್ಲಿ ಶೇಕಡಾ 6ರಷ್ಟು ಕಡಿಮೆ. ನಾನು ಅಭ್ಯಾಸ ಮಾಡುವುದು ಸರಳೆ ವರಸೆ ಮತ್ತು ಒಂದೆರಡು ದೇವರನಾಮ. ಗಮಕಕ್ಕಾಗಿ, ವೀಣೆಯಲ್ಲಿ ಮಾಡುವಂತೆಯೇ, ತಂತಿಯನ್ನು ಪಕ್ಕಕ್ಕೆ ಎಳೆಯಬೇಕು. ಯು. ಶ್ರೀನಿವಾಸ್ (1969–2014) ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ, ಆರ್. ಪ್ರಸನ್ನ ಎಲೆಕ್ಟ್ರಿಕ್ ಗಿಟಾರಿನಲ್ಲಿ ಸಾಧಿಸಿ ತೋರಿಸಿದ ಹಾದಿ ಅದು. ಅವರ ಬೆರಳಿಗೆ ಈ 6 ಲೆಕ್ಕಕ್ಕಿಲ್ಲದಿರಬಹುದು. ಸಂಧಿವಾತದ ನನ್ನ ಬೆರಳಿಗೆ ಅದು ದೊಡ್ಡ ಉಪಕಾರ.

ಮೂರನೆಯದು ಮರ. ಇದರ ಮೇಲೆ ಗಿಟಾರ್ ಪ್ರಿಯರು ಗಂಟೆಗಟ್ಟಲೆ ವಾದಿಸುತ್ತಾರೆ. ಬೀಟೆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಲ್ಲಿ ನಿಯಮಗಳು ಬಿಗಿಯಾದ ಮೇಲೆ ಹಲವು ತಯಾರಕರು ಬೆರಳುಹಲಗೆಗೆ ಇಂಡಿಯನ್ ಲಾರೆಲ್ ಬಳಸತೊಡಗಿದರು. ನನ್ನ ಎರಡೂ ಗಿಟಾರುಗಳಲ್ಲಿರುವುದು ಅದೇ. ವಿಚಾರಿಸಿದರೆ ಅದು ನಮ್ಮ ಮಲೆನಾಡಿನ ಮತ್ತಿ! ಹೆಮ್ಮೆಯೇನೋ ಆಯಿತು, ಅಂಕ ಮಾತ್ರ ಇಬ್ಬರಿಗೂ ಸಮ.

ತೂಕದಲ್ಲಿ ಸ್ಟ್ರಾಟೊಕಾಸ್ಟರ್ ಮುಕ್ಕಾಲು ಕಿಲೋ ಹಗುರ. ಬೆಲೆಯಲ್ಲೂ ಅದೇ ಕಡಿಮೆ. ಹೀಗೆ ಕೂಡಿ ಕಳೆದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ದರ್ಜೆಯವರು. ದುಬಾರಿಯದನ್ನು ಕೊಟ್ಟರೆ ತಂಗಿಗೆ ಸಂತೋಷ, ಹಗುರವಾದದ್ದನ್ನು ಉಳಿಸಿಕೊಂಡರೆ ನನ್ನ ಭುಜಕ್ಕೆ ಸುಖ. ಲೆಸ್ ಪಾಲನ್ನು ಕೊಡುವುದೆಂದೇ ನಿಶ್ಚಯಿಸಿದ್ದೆ.

ಆ ನಿಶ್ಚಯ ಬದಲಾದದ್ದು ಒಂದು ಸಂಜೆ. ಒಂದೇ ದೇವರನಾಮವನ್ನು ಎರಡರಲ್ಲೂ ನುಡಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿದೆ. ಲೆಸ್ ಪಾಲಿನ ನಾದ ದಪ್ಪ, ತುಂಬು, ಜೇನಿನಂತೆ. ಗೇನ್ ತಿರುಪನ್ನು ತುಸು ಏರಿಸಿದ್ದರಿಂದ ಸ್ವರಕ್ಕೆ ಸ್ವರ ಅಂಟಿಕೊಂಡು, ನಾನು ಮಹಾ ವಿದ್ವಾಂಸನೆಂಬ ಭ್ರಮೆ ಹುಟ್ಟಿಸುವಂತಿತ್ತು. ಸ್ಟ್ರಾಟೊಕಾಸ್ಟರಿನ ತಿಳಿಯಾದ ದನಿಯಲ್ಲಿ ಬೆರಳು ಎಡವಿದ ಪ್ರತಿ ಜಾಗವೂ, ತಾಳ ತಪ್ಪಿದ ಪ್ರತಿ ಕ್ಷಣವೂ ಎದ್ದು ಕಂಡಿತು. ನನ್ನ ತಪ್ಪು ಎರಡರಲ್ಲೂ ಒಂದೇ ಆಗಿತ್ತು. ಒಂದು ಅದನ್ನು ಮುಚ್ಚಿಟ್ಟಿತು, ಇನ್ನೊಂದು ಮುಖಕ್ಕೆ ಹೇಳಿತು.

ತರಗತಿಯಲ್ಲಿ ನಾನು ಇದನ್ನೇ ಅಲ್ಲವೇ ಹೇಳುತ್ತಿದ್ದುದು? ಉತ್ತರ ಸರಿಯಿದ್ದರೆ ಸಾಲದು, ಲೆಕ್ಕದ ಹೆಜ್ಜೆಗಳನ್ನು ತೋರಿಸಿ ಎಂದು ಎಷ್ಟು ಮಕ್ಕಳ ಅಂಕ ಕಳೆದಿಲ್ಲ! ಕಲಿಯುವವರಿಗೆ ಬೇಕಾದುದು ಹೊಗಳುವ ವಾದ್ಯವಲ್ಲ, ತಿದ್ದುವ ವಾದ್ಯ. ಹೊಸದಾಗಿ ಕೊಳ್ಳುವವರು ಹೆಸರನ್ನೂ ಬೆಲೆಯನ್ನೂ ನೋಡುವ ಮೊದಲು ಅಂಗಡಿಯಲ್ಲಿ ಗೇನ್ ಪೂರ್ತಿ ಇಳಿಸಿ ನುಡಿಸಿ ಕೇಳಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಆದುದರಿಂದ ಮಗುವಿಗೆ ಹೋಗಬೇಕಾದುದು ಸ್ಟ್ರಾಟೊಕಾಸ್ಟರೇ ಎಂದಾಯಿತು. ಹೇಳಿದಷ್ಟು ಸುಲಭವಾಗಿ ಮನಸ್ಸು ಒಪ್ಪಲಿಲ್ಲವೆಂದು ಒಪ್ಪಿಕೊಳ್ಳಬೇಕು. ಬೆಳಗಿನ ಕಾಫಿಯಾದ ಮೇಲೆ ಕೈ ತಾನಾಗಿ ಹೋಗುತ್ತಿದ್ದುದು ಅದರ ಕಡೆಗೇ. ಭಾನುವಾರ ಆ ಹುಡುಗಿ ಬಂದಳು. ಚೀಲ ಬೆನ್ನಿಗೇರಿಸಿಕೊಂಡು, "ತಾತ, ದೊಡ್ಡದನ್ನ ನೀವೇ ಇಟ್ಕೊಂಡ್ರಿ ಅಲ್ವಾ?" ಎಂದು ನಕ್ಕಳು. ಹೌದಮ್ಮ ಎಂದೆ. ಕಾರಣವನ್ನು ಅವಳು ನುಡಿಸುತ್ತ ನುಡಿಸುತ್ತ ತಿಳಿದುಕೊಳ್ಳಲಿ.

ಈಗ ಲೆಸ್ ಪಾಲನ್ನು ತೊಡೆಯ ಮೇಲಿಟ್ಟುಕೊಂಡು, ಗೇನ್ ಸೊನ್ನೆಗಿಳಿಸಿ ಅಭ್ಯಾಸ ಮಾಡುತ್ತಿದ್ದೇನೆ. ತಪ್ಪುಗಳು ಅದರಲ್ಲೂ ಕೇಳಿಸತೊಡಗಿವೆ.